ಟ್ರಿಪ್ಪರ್ ಮೇಲಿನ ಬೆರಳು

ಮಾರ್ಚ್ ೧೨, ಬುಧವಾರ. ಬೈಲಹೊಂಗಲ.

ಎದೆ ಇನ್ನೂ ನಗಾರಿಯಂತೆ ಬಡಿದುಕೊಳ್ಳುತ್ತಿದೆ! ಮುಂಜಾನೆ ನನ್ನ ಹೆಂಡತಿ ರಾಜೇಶ್ವರಿ ಸ್ನಾನ ಮುಗಿಸಿ, ಒದ್ದೆ ಬರಿಗಾಲಲ್ಲೇ ಶೇಂಗಾ ಚಟ್ನಿಗೆ ನಿಂತಿದ್ದಳು. ನಮ್ಮ ಅಡುಗೆಮನೆಗೆ ಚಪ್ಪಲಿ ನಿಷಿದ್ಧ. ಮಿಕ್ಸರ್ ಅದುಮಿ ಹಿಡಿದು ಗುಂಡಿ ತಿರುಗಿಸಿದಳು. ಪಡಸಾಲೆಯ ಬೋರ್ಡಿನಲ್ಲಿ ಟ್ರಿಪ್ಪರ್ ಸ್ವಿಚ್ಚು ತಾನೇ ಬಿದ್ದು ಮನೆಯ ಕರೆಂಟೆಲ್ಲ ಹೋಯಿತು.

"ಎಲೈ ಅಧಮ ಟ್ರಿಪ್ಪರೇ!" ಎಂದು ಪಡಸಾಲೆಯಲ್ಲಿ ಗರ್ಜಿಸಿ ಮೇಲೆತ್ತಿದೆ. ಬಿತ್ತು. ಮತ್ತೆ ಎತ್ತಿದೆ. ಬಿತ್ತು.

"ಆ ಹಾಳಾದದ್ದನ್ನ ತಗಸಿ ಒಗಿಯೋ," ಎಂದಳು ಅವ್ವ. ಇನ್ನೊಮ್ಮೆ ಎತ್ತಲು ಬೆರಳಿಟ್ಟೆ.

"ಏ, ನಿಂದರ್ರೀ!" ಒಳಗಿನಿಂದ ರಾಜೇಶ್ವರಿ ಕೂಗಿದಳು. "ನೀವು ಎತ್ತಿದಾಗೊಮ್ಮೆ ಮಿಕ್ಸರ್ ಹಿಡದ ನನ್ನ ಕೈ ಜುಂ ಅಂತೈತಿ. ಮಹಾರಾಜರು ರಾಣೀನ್ನ ಕೊಂದ ಬಿಡ್ತಿದ್ರಿ!"

ಅವಳು ನಕ್ಕಳು. ನಾನು ಬೆರಳು ಹಿಂದಕ್ಕೆಳೆದೆ. ಕರೆಂಟು ಮಿಕ್ಸರಿನಿಂದ ಅವಳ ಮೈಗೆ ಹರಿದಾಗಲೆಲ್ಲ ಟ್ರಿಪ್ಪರ್ ಬಿದ್ದು ಅವಳನ್ನು ಉಳಿಸುತ್ತಿತ್ತು. ನಾನು ಮತ್ತೆ ಮತ್ತೆ ಹರಿಸುತ್ತಿದ್ದೆ.

ಈಗ ರಾತ್ರಿ, ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಈ ಗೊರಕೆಯೂ ಇವತ್ತು ಮಂಗಳವಾದ್ಯದಂತೆ ಕೇಳುತ್ತಿದೆ.