ಉಪ್ಪು ಬಿಟ್ಟ ತಮ್ಮನಿಗೆ

ಪ್ರಿಯ ಸಹೋದರನೇ, ಸಾವಧಾನಚಿತ್ತನಾಗಿ ಈ ಚೀಟಿಯನ್ನು ಓದತಕ್ಕದ್ದು.

ಒಲೆಯ ಮೇಲಿನ ಬೇಳೆಗೆ ಉಪ್ಪು ಹಾಕಿದ್ದೇನೆ. ಮಾತಿಲ್ಲದೆ ತಿನ್ನು.

ಅಪ್ಪನ ಹೃದಯದ ಕಾಯಿಲೆ ನನ್ನ ರಕ್ತಕ್ಕೆ ಇಳಿದಿದೆ, ನಿನ್ನದಕ್ಕಿಲ್ಲ ಎಂದು ವರದಿ ಬಂದಂದಿನಿಂದ ನೀನೂ ನನ್ನೊಡನೆ ಉಪ್ಪು ಬಿಟ್ಟೆ. "ತಮ್ಮ ಅಂದ್ರೆ ಹಿಂಗಿರ್ಬೇಕು, ನೀನೂ ಇದೀಯ!" ಎಂದು ಅತ್ತೆ ನನ್ನನ್ನೇ ಚುಚ್ಚಿದರು. ನನಗೆ ಹೊಟ್ಟೆ ಉರಿಯಿತು. ಬೇಕಾದಾಗ ಬಿಟ್ಟು ಬೇಕಾದಾಗ ತಿನ್ನುವ ಭಾಗ್ಯ ನಿನ್ನದು, ಬಿಡಲೇಬೇಕಾದವನು ನಾನು.

ನಿನ್ನೆ ಮೆಟ್ಟಿಲ ಮೇಲೆ "ನಿಧಾನ ಅಣ್ಣ, ನಂಗೂ ಸುಸ್ತು" ಎಂದೆಯಲ್ಲ, ಸುಳ್ಳುಗಾರ! ಎರಡೆರಡು ಮೆಟ್ಟಿಲು ಹಾರುವವನು ನೀನು. ಇನ್ನು ಮುಂದೆ ಹಾರಿಯೇ ಹತ್ತು. ಹಿಂದಿನಿಂದ ನಿನ್ನನ್ನು ಬೈಯುತ್ತ ಬರುವ ಸುಖವಾದರೂ ನನಗಿರಲಿ.

ಅಪ್ಪ ತಪಾಸಣೆಯನ್ನು ನಾಳೆ ನಾಳೆ ಎಂದು ತಳ್ಳುತ್ತಲೇ ಹೋದರು. ನಾನೂ ಮೂರು ಸಲ ತಪ್ಪಿಸಿಕೊಂಡು ಊರೂರು ಅಲೆದೆ. ಇಂದು ಎದೆಯ ತಪಾಸಣೆಗೆ ಆಸ್ಪತ್ರೆ ಸೇರಲಿದ್ದೇನೆ. ನಿನ್ನ ಗಟ್ಟಿ ಎದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಷ್ಟು ದೊಡ್ಡ ಮನಸ್ಸು ನನಗಿಲ್ಲ; ಆದ್ದರಿಂದ ಒಬ್ಬನೇ ಹೋಗುತ್ತೇನೆ. ಸಂಜೆ ಮಾತ್ರ ತಪ್ಪದೆ ಬಾ. ಬರದಿದ್ದರೆ ಅದಕ್ಕೂ ಸಿಟ್ಟಾಗುತ್ತೇನೆ.

ಅಂಗಿ, ಮಾತ್ರೆ, ಎರಡು ಕಾದಂಬರಿಗಳನ್ನು ಚೀಲಕ್ಕೆ ತುಂಬಿಯಾಯಿತು. ಬಾಗಿಲೆಳೆದುಕೊಂಡು ಹೊರಟೆ.