ಕಾಕಾ ಹೇಳಿದ ಎರಡನೇ ಮಾತು

ಸೊರಬ ತಾಲ್ಲೂಕು
18 ಜನವರಿ 2025

ನನ್ನ ಮುದ್ದು ಸುಮೀ,

ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತಿದ್ದೇನೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿ ಇವತ್ತಿಗೆ ಮೂವತ್ತೊಂದು ದಿನ. ಅದಕ್ಕೇ ಈ ಕಾಗದ. ಪೋಸ್ಟ್‌ಮ್ಯಾನ್‌ನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ! ನೋಡು, ಇಂಥ ಹೊತ್ತಿನಲ್ಲೂ ನನಗೆ ತಮಾಷೆ ಬೇಕು. ಭಯವಾದಾಗ ನಾನು ಹೀಗೇ ಏನಾದರೂ ಒದರುತ್ತೇನೆ, ನಿನಗೆ ಗೊತ್ತು.

ನೀನು ಹುಟ್ಟಿದ ಊರಿಗೆ ನಾನು ಸೊಸೆಯಾಗಿ ಬಂದೆ, ನಾನು ಹುಟ್ಟಿದ ಶಿಕಾರಿಪುರದಲ್ಲಿ ನೀನು ಟೀಚರ್ ಆದೆ. ಮದುವೆ ಮಂಟಪದಲ್ಲಿ ನೀನು, "ಊರು ಅದಲುಬದಲಾಯ್ತು, ಅಪ್ಪ ಅಮ್ಮನ್ನ ಮಾತ್ರ ಅದಲುಬದಲು ಮಾಡ್ಕೋಬ್ಯಾಡ, ನಮ್ಮಪ್ಪ ಅಮ್ಮ ನಿನಗೂ ಇರ್ಲಿ" ಎಂದಿದ್ದೆ. ಎಷ್ಟು ನಕ್ಕಿದ್ದೆವು! ನಿಮ್ಮಪ್ಪನನ್ನು ಬಾಯ್ತುಂಬ ಕಾಕಾ ಎನ್ನುತ್ತಿದ್ದ ನಾನು ಆಮೇಲೆ ಮಾಡಿದ್ದೇನು?

ಮೊದಲಿನಿಂದ ಹೇಳುತ್ತೇನೆ. ಹೊಸ ಸೊಸೆಯಾಗಿ ನಾನು ಈ ಮನೆಯಲ್ಲಿ ಒಂದು ದೊಡ್ಡ ತಮಾಷೆಯಾಗಿಬಿಟ್ಟಿದ್ದೆ ಕಣೇ. ಅತ್ತೆ, ಅಂದರೆ ರಾಜೀವಿ ಅತ್ತೆ, ಎಪ್ಪತ್ತೊಂಬತ್ತು ತೆಂಗಿನಕಾಯಿ ಎಣಿಸಿಡು ಎಂದರೆ ನಾನು ಎಂಬತ್ತೊಂಬತ್ತು ಎಣಿಸಿಟ್ಟೆ. ನಾನು ಮಾಡಿದ ಸಾರಿಗೆ ಗಂಡ ಅನಂತ ಇಟ್ಟ ಹೆಸರು "ಬಿಸಿನೀರು, ಅರಿಶಿನ ಬಣ್ಣದ್ದು". ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು. ನನಗೆ ಮಾತ್ರ ಒಮ್ಮೆಯಾದರೂ ಭೇಷ್ ಎನಿಸಿಕೊಳ್ಳಬೇಕಿತ್ತು.

ಆಗ ಮಾವ ಬಂದು ಕೇಳಿದರು. ಗ್ರಾಮಸಭೆ ಇದೆ, ಕೆರೆ ಏರಿಯ ಕೆಳಗಿನ ಗೋಮಾಳಕ್ಕೆ ಬೇಲಿ ಹಾಕಿ ರೈತರ ಸಂಘಕ್ಕೆ ಗೋದಾಮು ಕಟ್ಟಬೇಕು, ಅದಕ್ಕೊಂದು ಭಾಷಣ ಬರೆದುಕೊಡು ಎಂದು. "ನೀನು ಡಿಬೇಟಿನಲ್ಲಿ ಕಪ್ ಗೆದ್ದವಳಲ್ಲವೇನಮ್ಮ? ಯಾರೂ ತಕರಾರು ತೆಗೆಯಬಾರದು, ಹಾಗಿರಬೇಕು" ಎಂದರು. ಸುಮೀ, ನಾನು ಕುಣಿದುಬಿಟ್ಟೆ! ಮಹಡಿಯ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಎರಡು ದಿನ ಕೂತು ಬರೆದೆ. ಗೋಮಾಳ ಎಂದರೆ ಸುಮ್ಮನೆ ಬಿದ್ದಿರುವ ಖಾಲಿ ಜಾಗ ಎಂದುಕೊಂಡಿದ್ದೆ. ಕಾಕಾನ ಕುರಿಗಳು ಮೇಯುವುದು ಅಲ್ಲೇ ಎಂದು ನನಗೆ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ನಾಗಶ್ರೀ ಮೇಡಂ ನಮಗೆ ಮೂರು ಬಣ್ಣದ ಪೆನ್ಸಿಲ್ ಹಿಡಿಸುತ್ತಿದ್ದದ್ದು ನೆನಪಿದೆಯಾ? ಯಾರದೇ ಭಾಷಣವಿರಲಿ, ಪೇಪರಿನ ಲೇಖನವಿರಲಿ, ಮಾತಾಡುವವನ ಮೇಲೆ ನಂಬಿಕೆ ಹುಟ್ಟಿಸುವ ಜಾಗಕ್ಕೆ ಹಸಿರು, ಮನಸ್ಸು ಕಲಕುವ ಜಾಗಕ್ಕೆ ನೀಲಿ, ಏನನ್ನೋ ಮುಚ್ಚಿಡುವ ಜಾಗಕ್ಕೆ ಕೆಂಪು. ಹಸಿರು, ನೀಲಿ ನಾನು ಹಿಡಿಯುತ್ತಿದ್ದೆ. ಕೆಂಪು ಯಾವಾಗಲೂ ನಿನ್ನ ಕೈಯಲ್ಲಿ. ಈಗ ನಾನೇ ಬರೆದ ಭಾಷಣಕ್ಕೆ ಗೆರೆ ಎಳೆಯುತ್ತಾ ಕೂತಿದ್ದೇನೆ.

"ನಾನು ಈ ಕೆರೆಯಲ್ಲಿ ಈಜು ಕಲಿತವನು" ಎಂದು ಶುರುವಾಗುತ್ತದೆ. ಹಸಿರು. ಮಾವನಿಗೆ ಈಜು ಬರುವುದಿಲ್ಲ! ಅನಂತನಿಗೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಸಾಕು ಅಂದುಕೊಂಡೆ. ಆಮೇಲೆ ಗೋದಾಮಿಲ್ಲದೆ ಮಳೆಗೆ ನೆಂದ ಭತ್ತದ ಮಾತು. ಅದು ನಿಜ, ಅದಕ್ಕೆ ಯಾವ ಬಣ್ಣವೂ ಬೇಡ. ಅಷ್ಟಕ್ಕೇ ನಿಲ್ಲಿಸಿದ್ದರೂ ಸಾಕಿತ್ತು. ಆದರೆ ನನಗೆ ಚಪ್ಪಾಳೆ ಬೇಕಿತ್ತು. ನೀಲಿ ಬೇಕಿತ್ತು.

ನೀಲಿ ಹುಡುಕುವಾಗ ಕಾಕಾ ನೆನಪಾದರು. ಸೆಕೆಂಡ್ ಪಿಯುಸಿಯಲ್ಲಿ ನಿನ್ನ ಹಾಸ್ಟೆಲಿಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಪುಡಿಯ ಗಂಟು ಹಿಡಿದು ಬಂದಿದ್ದರಲ್ಲ, ಕಂಬಳಿ ಹಾಸಿ ನಮ್ಮಿಬ್ಬರನ್ನೂ ಕೂರಿಸಿ ತಿನ್ನಿಸಿದರಲ್ಲ, ಆ ದಿನ. ಅವರು ಹೇಳಿದ ಮಾತನ್ನು ಭಾಷಣದಲ್ಲಿ ಹೀಗೆ ಬರೆದೆ: "ನಮ್ಮೂರಿನ ಕುರಿಗಾರನೊಬ್ಬ ಹೇಳುತ್ತಾನೆ, ನನ್ನ ಮಗಳು ಕುರಿ ಹಿಂದೆ ಹೋಗೋದು ಬ್ಯಾಡ, ಪುಸ್ತಕದ ಹಿಂದೆ ಹೋಗ್ಲಿ ಅಂತ. ಕುರಿ ಕಾಯುವವರೇ ಬೇಡವೆಂದ ಮೇಲೆ ಈ ಹುಲ್ಲು ಯಾರಿಗಾಗಿ?" "ಇಲ್ಲಿ ಸ್ವಲ್ಪ ನಿಲ್ಲಿಸಿ, ಸುತ್ತ ನೋಡಿ ಮಾವ" ಎಂದೂ ಹೇಳಿಕೊಟ್ಟೆ.

ಕಾಕಾ ಅವತ್ತು ಅಲ್ಲಿಗೇ ನಿಲ್ಲಿಸಿರಲಿಲ್ಲ. ನಮ್ಮಿಬ್ಬರಿಗೂ ಗೊತ್ತು. ನಿನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, "ಕುರಿ ಹಿಂದೆ ನಾನದೀನಲ್ಲ" ಎಂದಿದ್ದರು. ಆ ಎರಡನೇ ಮಾತನ್ನು ನಾನು ಕತ್ತರಿಸಿದೆ.

ಗ್ರಾಮಸಭೆಯಲ್ಲಿ ನಾನು ಹೆಂಗಸರ ಸಾಲಿನಲ್ಲಿ ಹೊಸ ಸೀರೆಯುಟ್ಟು ಬೀಗುತ್ತಾ ಕೂತಿದ್ದೆ. ಮಾವ ಸರಿಯಾದ ಜಾಗದಲ್ಲಿ ನಿಲ್ಲಿಸಿದರು, ಸುತ್ತ ನೋಡಿದರು. ಹಿಂದೆ ಬಾಗಿಲ ಬಳಿ ನಿಂತಿದ್ದ ಕಾಕಾ ಕಣ್ಣಿಗೆ ಬಿದ್ದರು. ಮುಂದಿನದು ನಾನು ಬರೆದದ್ದಲ್ಲ, ಮಾವನೇ ಕೇಳಿದ್ದು. "ಸಣ್ಣಬೀರಪ್ಪ, ಇದು ನಿನ್ನದೇ ಮಾತಲ್ಲವೇನೋ?" ಕಾಕಾ ಬೇಕಾದರೆ ಅಲ್ಲ ಎನ್ನಬಹುದಿತ್ತು. ಅವರು ತಲೆಯ ಟವೆಲ್ ತೆಗೆದು, "ಹೌದ್ರೀ, ನಾನೇ ಅಂದಿದ್ದು. ಸುಳ್ಳು ಹೆಂಗೆ ಹೇಳ್ಲಿ" ಎಂದರು. ಚಪ್ಪಾಳೆ ಬಿತ್ತು ಸುಮೀ, ಡಿಬೇಟಿನಲ್ಲಿ ಕೂಡ ನನಗೆ ಬೀಳದಷ್ಟು. ಆ ಸದ್ದಿನಲ್ಲಿ ಅವರು ಮತ್ತೇನೋ ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತು. ಎರಡನೇ ಮಾತೇ ಇರಬೇಕು. ಯಾರಿಗೂ ಕೇಳಿಸಲಿಲ್ಲ. ನಡಾವಳಿಯಲ್ಲಿ "ಕುರಿಗಾರರ ಒಪ್ಪಿಗೆಯೂ ಇದೆ" ಎಂದು ಬರೆದರು. ಕೆಳಗೆ ಕಾಕಾ ಸಹಿ ಹಾಕಿದರು, ನೀನು ಕಲಿಸಿದ ಸಹಿ.

ಹೊರಗೆ ಬಂದ ಮೇಲೆ ನನ್ನನ್ನು ನೋಡಿ, "ಚಲೋ ಬರದೀರಿ ಅಮ್ಮಾರೇ" ಎಂದರು. ನನಗೆ ರೊಟ್ಟಿ ತಿನ್ನಿಸಿದವರು, "ತಂಗೀ" ಎನ್ನುತ್ತಿದ್ದವರು.

ಮಾರನೆಯ ದಿನ ನೀನು ಫೋನ್ ಮಾಡಿದೆ. "ಮಾತು ನಮ್ಮಪ್ಪಂದು, ಲಾಭ ನಿಮ್ಮಾವಂದು. ನಡುವೆ ನೀನ್ಯಾರು, ಶರಣ್ಯಾ?" ಎಂದು ಕೇಳಿ ಇಟ್ಟುಬಿಟ್ಟೆ. ಶರೂ ಎನ್ನಲಿಲ್ಲ.

ಪ್ರತಿವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಕಾಕಾ ತಮ್ಮ ಮಂದೆಯನ್ನು ಈ ಮನೆಯ ಗದ್ದೆಯಲ್ಲಿ ನಿಲ್ಲಿಸುತ್ತಿದ್ದರಂತೆ. ಗದ್ದೆಗೆ ಗೊಬ್ಬರ, ಕಾಕಾನ ಮನೆಗೆ ಭತ್ತ. ಮೊದಲ ದಿನ ಈ ಮನೆಯಿಂದ ಬೆಲ್ಲ, ತೆಂಗಿನಕಾಯಿ ತೆಗೆದುಕೊಂಡು ಹೋಗಿ ಮಂದೆಯನ್ನು ಎದುರುಗೊಳ್ಳಬೇಕು. ಈ ಸಲ ಹೊಸ ಸೊಸೆಯ ಕೈಯಿಂದ ಎಂದು ಅತ್ತೆ ತಟ್ಟೆ ಸಿದ್ಧಮಾಡಿಟ್ಟಿದ್ದರು. ನಾಲ್ಕು ದಿನ ಕಾದೆವು. ಕೊನೆಗೆ ದ್ಯಾಮಮ್ಮ ಕಾಕಿ ಬಂದು ಅಂಗಳದಲ್ಲೇ ನಿಂತು, "ಅವರು ಕುರಿ ಹೊಡ್ಕೊಂಡು ತೊಗರ್ಸಿ ಕಡೆ ಹೋದ್ರು. ಈ ವರ್ಷ ಕಾಯಬ್ಯಾಡ್ರಿ" ಎಂದರು. ಒಳಗೆ ಬನ್ನಿ ಎಂದೆ. "ಕೆಲಸ ಐತೆ" ಎಂದರು. ನಿಮ್ಮ ಅಮ್ಮ ನನ್ನ ಮುಂದೆ ಕೆಲಸವಿದೆ ಎಂದದ್ದು ಅದೇ ಮೊದಲು.

ತಟ್ಟೆಯ ಬೆಲ್ಲಕ್ಕೆ ಇರುವೆ ಹತ್ತಿತ್ತು. ಅತ್ತೆ ಅದನ್ನು ಕೊಡವುತ್ತಾ, "ನೀನು ಬರೆದದ್ದು ಬಹಳ ಚೆನ್ನಾಗಿತ್ತು ಮಗಾ. ಅಷ್ಟು ಚೆನ್ನಾಗಿ ಯಾರಾದರೂ ಮಾತಾಡಿದರೆ ನನಗೆ ಭಯವಾಗ್ತದೆ" ಎಂದರು. ಅವತ್ತು ಅಳು ಬಂತು. ಅದಕ್ಕೂ ಮೊದಲೇ ಬರಬೇಕಿತ್ತು.

ಮಾವನಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ ಸುಮೀ, ಊರಿಗೆ ಗೋದಾಮು ಬೇಕೇಬೇಕೆಂದು ನಂಬಿದವರು. "ನಾನು ಓದಿದ್ದನ್ನ ನಾನು ವಾಪಸ್ ತಗೊಳ್ಳಲ್ಲ. ನೀನು ಬರೆದದ್ದನ್ನ ತಗೋತೀಯಾದರೆ ಬೇಡ ಅನ್ನೋಕೆ ನಾನ್ಯಾರು" ಎಂದರು. ಆಮೇಲಿಂದ ಕಾಫಿಯನ್ನು ಅತ್ತೆಯ ಕೈಯಿಂದಲೇ ಕೇಳುತ್ತಾರೆ. ನಿನ್ನೆ ಅನಂತ ಬೈಕಿನಲ್ಲಿ ತಾಲ್ಲೂಕು ಆಫೀಸಿಗೆ ಕರೆದುಕೊಂಡು ಹೋದ. ಅಲ್ಲಿಯ ಗುಮಾಸ್ತರು, "ಭಾಷಣ ಬರೆದವರ ಹೇಳಿಕೆಗೆ ಯಾವ ಫಾರಂ ಇಲ್ವಲ್ರೀ ಮೇಡಂ" ಎಂದು ನಕ್ಕರು. ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ. ಸಣ್ಣಬೀರಪ್ಪ ಕುರಿ ಬೇಡವೆಂದು ಹೇಳಿರಲಿಲ್ಲ. ಅವರ ಮಾತಿನ ಅರ್ಧವನ್ನು ಕತ್ತರಿಸಿದವಳು ನಾನು. ಪೂರ್ತಿ ಮಾತು ಇದು. ಅಷ್ಟೇ. ಒಂದು ಉಪಮೆ ಕೂಡ ಇಲ್ಲ. ಸೀಲು ಹೊಡೆದು ತೆಗೆದುಕೊಂಡರು. ತಕರಾರು ಸಲ್ಲಿಸಲು ಇನ್ನು ಹತ್ತು ದಿನ ಇದೆ. ಕಾಕಾ ತಾವೇ ಬಂದು ಸಹಿ ಹಾಕಿ ಕೊಟ್ಟರೆ ಮಾತ್ರ ಇದಕ್ಕೆ ತೂಕ ಎಂದರು. ಕಾಕಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ನೀನು ಹೇಳಿದರೆ ಬರುತ್ತಾರೆ. ನನಗಾಗಿ ಬೇಡ, ಹುಲ್ಲಿಗಾಗಿ ಹೇಳು.

ಹೇಳಿಕೆಯ ನಕಲು ಮತ್ತು ಭಾಷಣ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ಭಾಷಣವನ್ನು ನಿನ್ನ ಕ್ಲಾಸಿನ ಮಕ್ಕಳಿಗೆ ಓದಿಸು. ಬರೆದವರು ಯಾರು ಎಂದು ಕೇಳಿದರೆ ನನ್ನ ಹೆಸರನ್ನೇ ಹೇಳು.

ಕ್ಷಮಿಸು ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ಅದೂ ನೀಲಿ.

ಒಂದು ಕಾಲದ ನಿನ್ನ
ಶರೂ

ತಾ.ಕ.: ನೀನು ಮದುವೆಗೆ ಕೊಟ್ಟ ಸ್ಟೀಲ್ ಡಬ್ಬಿಯೊಳಗೆ ಆ ಕೆಂಪು ಪೆನ್ಸಿಲಿನ ತುಂಡು ಹಾಕಿಟ್ಟಿದ್ದೆಯಲ್ಲ, ಇವತ್ತೇ ಮೊದಲ ಸಲ ಅದನ್ನು ಚೂಪು ಮಾಡಿದೆ. ಮೇಲೆ ಈ ಕಾಗದದಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ, ನೋಡಿರುತ್ತೀಯ. ಕಾಕಾನ ಕುರಿಗಳು ಮೇಯುವುದು ಅಲ್ಲೇ ಎಂದು ಗೊತ್ತಿರಲಿಲ್ಲ ಎಂಬ ಸಾಲು. ಗೊತ್ತಿಲ್ಲದಿದ್ದರೆ ಭಾಷಣದಲ್ಲಿ ಕುರಿಗಾರ ಯಾಕೆ ಬೇಕಿತ್ತು ಎಂದು ನೀನೇ ಮೊದಲು ಕೇಳುತ್ತಿದ್ದೆ. ಗೊತ್ತಿತ್ತು ಸುಮೀ. ಬರೆಯುತ್ತಿದ್ದ ಆ ಎರಡೂ ದಿನ ಕಿಟಕಿಯಿಂದ ಮಂದೆ ಕಾಣುತ್ತಿತ್ತು. ಕಾಕಾ ಒಮ್ಮೆ ತಲೆಯೆತ್ತಿ ನನ್ನತ್ತ ಕೈ ಬೀಸಿದರು. ನಾನೂ ಬೀಸಿದೆ. ಆಮೇಲೆ ಬರೆಯುವುದನ್ನು ಮುಂದುವರಿಸಿದೆ.