ಐದನೆಯ ಬಡಿತ

ಮಾರ್ಚ್ 3, ಬೆಳಿಗ್ಗೆ

ತಟ್ಟೆಗಳಿಗೆ ಊಟ ಹಾಕಿದ್ದಾಯಿತು. ಹಳೆಯ ದ್ರವ ತೆಗೆದು ಹೊಸದು ಹಾಕುವುದಕ್ಕೆ ಲ್ಯಾಬಿನಲ್ಲಿ ಎಲ್ಲರೂ ಹಾಗೇ ಹೇಳುವುದು — ಊಟ. ನನಗೆ ರಜೆ ಇರಲಿ, ಜ್ವರ ಇರಲಿ, ಇವುಗಳಿಗೆ ಹೊತ್ತಿಗೆ ಸರಿಯಾಗಿ ಬೀಳಬೇಕು. ನನ್ನ ಹೊಟ್ಟೆ ಕೇಳುವವರಿಲ್ಲ.

ಅಕ್ಕನ ತಟ್ಟೆ ಕೊನೆಗೆ ತೆಗೆದೆ. ಮೈಕ್ರೋಸ್ಕೋಪಿನಡಿ ಇಟ್ಟೆ. ಮಿಡಿಯುತ್ತಿದೆ.

ಅಕ್ಕ ಹೋಗಿ ನಾಲ್ಕು ವರ್ಷ. ಹೋಗುವ ಮೊದಲು ತೋಳಿನಿಂದ ಸಾಸಿವೆಯಷ್ಟು ಚರ್ಮ ಕೊಟ್ಟಿದ್ದಳು, ಈ ಸರ್ಕಾರಿ ಸಂಶೋಧನಾಲಯಕ್ಕೆ. ಅದರಿಂದ ಬೆಳೆಸಿದ ಹೃದಯದ ಜೀವಕೋಶಗಳು ಇವು. ಯಾರದ್ದೆಂದು ನಮಗೆ ಗೊತ್ತಿರಬಾರದು, ಮುಚ್ಚಳದ ಮೇಲೆ ಬರೀ ನಂಬರು. ನನಗೆ ನಂಬರು ಬೇಕಾಗಲಿಲ್ಲ. ಚಿಕ್ಕವಳಿದ್ದಾಗ ಅವಳ ಎದೆಗೆ ಕಿವಿಯಿಟ್ಟು ಎಣಿಸುತ್ತ ನಿದ್ದೆ ಹೋಗುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು — ಐದು ಇಲ್ಲ — ಮತ್ತೆ ಒಂದು. "ಐದು ಎಲ್ಲೇ?" ಅಂದರೆ, "ನುಂಗಿಬಿಟ್ಟೆ ಕಣೇ" ಅನ್ನುತ್ತಿದ್ದಳು. ತಟ್ಟೆಯಲ್ಲೂ ಅದೇ ಲೆಕ್ಕ.

ಆ ನುಂಗಿದ ಬಡಿತವೇ ಕಾಯಿಲೆ. ಕೊನೆಗೆ ಅದೇ ಅವಳನ್ನು ನುಂಗಿತು. ಈಗ ಅವಳ ಮಗಳಿಗೂ ಇದೆ. ಪುಟ್ಟಿ — ಹದಿನಾರು ವರ್ಷ, ನನ್ನ ಜೊತೆಗೇ ಇದ್ದಾಳೆ. ಔಷಧಿ ಇನ್ನೂ ಇಲ್ಲ. ಹುಡುಕುತ್ತಿರುವವರು ನಾವೇ.

ಮಾರ್ಚ್ 5, ಸಂಜೆ

ವರದಿಗೆ ಫೋಟೋ ಬೇಕಂತೆ. ಮಧ್ಯಾಹ್ನ ಅಕ್ಕನ ತಟ್ಟೆ ಬಹಳ ಹೊತ್ತು ಇನ್‌ಕ್ಯುಬೇಟರಿನಿಂದ ಹೊರಗಿತ್ತು. ತಣ್ಣಗಾಗುತ್ತ ಬಡಿತ ನಿಧಾನವಾಯಿತು. ಬೈದುಕೊಂಡು ಬೆಚ್ಚಗಿನ ಜಾಗಕ್ಕೆ ತಿರುಗಿ ಇಟ್ಟೆ. ಸರಿಹೋಯಿತು.

ಮನೆಗೆ ಬಂದರೆ ಪುಟ್ಟಿ ಕಂಬಳಿಯೊಳಗೆ. ಮಧ್ಯಾಹ್ನ ಕ್ಲಾಸಿನಲ್ಲಿ ಹಲ್ಲು ಕಟಕಟ ಅನ್ನುವಷ್ಟು ಚಳಿ. ಎಲ್ಲರೂ ಫ್ಯಾನಿನಡಿ ಬೆವರುತ್ತಿದ್ದರಂತೆ. "ಸ್ವಲ್ಪ ಹೊತ್ತು ಅಷ್ಟೇ ಚಿಕ್ಕಮ್ಮ. ಆಮೇಲೆ ತಾನೇ ಹೋಯ್ತು."

ಥರ್ಮಾಮೀಟರ್ ಇಟ್ಟೆ. ಜ್ವರ ಇಲ್ಲ.

ಮಾರ್ಚ್ 6

ನನಗೂ ದೆವ್ವಗಳಿಗೂ ಆಗಿಬರುವುದಿಲ್ಲ. ಕಾಕತಾಳೀಯ. ಬರೆದಿಟ್ಟರೆ ತಲೆಯಿಂದ ಹೋಗುತ್ತದೆಂದು ಬರೆದೆ. ಹೋಗಲಿಲ್ಲ.

ಮಾರ್ಚ್ 11

ಆರ್ಡರ್ ಬಂತು. ಮುಂದಿನ ವರ್ಷಕ್ಕೆ ಅನುದಾನ ಇಲ್ಲ. ತಿಂಗಳ ಕೊನೆಗೆ ಲ್ಯಾಬ್ ಬಂದ್.

ನಮ್ಮ ಮುಖ್ಯಸ್ಥರಿಗೆ ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಈ ಕಾಯಿಲೆ ಇರೋರು ಬೆರಳೆಣಿಕೆ ಜನ ಕಣಮ್ಮ. ಕಂಪನಿಗಳು ಕಣ್ಣೆತ್ತಿ ನೋಡಲ್ಲ. ಸರ್ಕಾರ ಕೈಬಿಟ್ರೆ ಮುಗೀತು."

ಬೇರೆ ಲ್ಯಾಬ್? ಅವರಿಗೂ ಇದೇ ಆರ್ಡರ್.

ಮಾರ್ಚ್ 15, ಭಾನುವಾರ

ಊಟ ಹಾಕಲು ಬೆಳಿಗ್ಗೆ ಹೋಗಿದ್ದೆ. ಯಾರೂ ಇರಲಿಲ್ಲ. ಹೇಗೂ ಮುಚ್ಚುವುದೇ ಅಲ್ಲವೇ... ನಾವು ಇನ್ನೂ ಪರೀಕ್ಷಿಸುತ್ತಿದ್ದ ಹೊಸ ಔಷಧಿಯ ಒಂದು ಹನಿ ಅಕ್ಕನ ತಟ್ಟೆಗೆ ಬಿಟ್ಟೆ. ಮನುಷ್ಯರಿಗೆ ಕೊಡಲು ಇನ್ನೂ ಎರಡು ವರ್ಷದ ಪರೀಕ್ಷೆ ಬೇಕು. ತಟ್ಟೆಗೆ ಯಾರ ಅಪ್ಪಣೆ ಬೇಕು.

ಕಾದೆ. ಒಂದು, ಎರಡು, ಮೂರು, ನಾಲ್ಕು, ಐದು.

ಮತ್ತೆ ನೋಡಿದೆ. ಐದು. ಅಕ್ಕ ಜೀವಮಾನದಲ್ಲಿ ಕೊಡದಿದ್ದ ಐದು. ಅಲ್ಲೇ ಕೂತು ಅತ್ತೆ, ಮಾಸ್ಕ್ ಒದ್ದೆಯಾಗುವಷ್ಟು.

ಮಧ್ಯಾಹ್ನ ಪುಟ್ಟಿ ಸೋಫಾದಲ್ಲಿ ನಿದ್ದೆ ಹೋಗಿದ್ದಳು. ಎದೆಗೆ ಕಿವಿಯಿಟ್ಟೆ. ಅವಳಿಗೆ ನಾನು ಏನೂ ಕೊಟ್ಟಿಲ್ಲ. ನೀರು ಬಿಟ್ಟರೆ ಏನೂ ಕುಡಿದಿಲ್ಲ.

ಐದು ಬಂತು.

ಮಾರ್ಚ್ 16

ಪುಟ್ಟಿಯ ಎದೆಗೆ ಕಿವಿಯಿಟ್ಟು ಮೂರು ಸಲ ಕೇಳಿದೆ. "ಏನ್ ಚಿಕ್ಕಮ್ಮ, ನನ್ನೊಳಗೆ ರೇಡಿಯೋ ಇದ್ಯಾ?" ಅಂತ ನಕ್ಕಳು. ಮೆಟ್ಟಿಲನ್ನು ಓಡಿ ಹತ್ತಿದಳು, ಏದುಸಿರಿಲ್ಲ. ನನಗೆ ಖುಷಿಯೂ ಆಯಿತು, ಭಯವೂ ಆಯಿತು.

ಮಾರ್ಚ್ 24

ಇಲಾಖೆಯ ಅಧಿಕಾರಿ ಬಂದಿದ್ದರು. ಕೆಟ್ಟವರಲ್ಲ. ಶೂ ಬಿಚ್ಚಿ ಒಳಗೆ ಬಂದರು, ಯಾವುದನ್ನೂ ಮುಟ್ಟಲಿಲ್ಲ. ಒಂದು ತಟ್ಟೆಯನ್ನಾದರೂ ನಡೆಸಿಕೊಂಡು ಹೋಗುತ್ತೇನೆ, ಸಂಬಳ ಬೇಡ ಅಂದೆ.

"ಮೇಡಂ, ಬಿಸಾಕಿ ಅಂತ ನಾನು ಹೇಳಲ್ಲ. ಫ್ರೀಜ್ ಮಾಡಿಡಿ. ಮುಂದೆ ದುಡ್ಡು ಬಂದ್ರೆ ಮತ್ತೆ ಎಬ್ಬಿಸಬಹುದಲ್ವಾ?"

ಎಬ್ಬಿಸಬಹುದು. ವರ್ಷಗಟ್ಟಲೆ ಇಟ್ಟು ಎಬ್ಬಿಸಿದ್ದೇವೆ. ಕೆಲವು ಏಳುತ್ತವೆ. ಕೆಲವು ಏಳುವುದಿಲ್ಲ.

ಬೇಡ ಅಂದೆ. ಜೋರಾಗಿಯೇ ಅಂದೆನೇನೋ. ಎಲ್ಲರೂ ತಿರುಗಿ ನೋಡಿದರು.

ಆಮೇಲೆ ಮೇಷ್ಟ್ರು ರೂಮಿಗೆ ಕರೆದರು. ಅರ್ಧ ಮಾತ್ರ ಹೇಳಿದೆ. ಅದು ನನ್ನಕ್ಕ ಅಂತ. ಇನ್ನರ್ಧ ಹೇಳಿದ್ದರೆ ಹುಚ್ಚಿ ಅನ್ನುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲೇ ಹೇಳಬಾರದಿತ್ತೇನಮ್ಮ," ಅಂದರು. ಒಳ್ಳೆಯವರು.

ಮಾರ್ಚ್ 29

ಉಪಾಯ ಸಿಕ್ಕಿತು. ಹಳೆಯ ಇನ್‌ಕ್ಯುಬೇಟರ್ ಒಂದು ಗುಜರಿಗೆ ಹೋಗುವುದಿತ್ತು. ಕೊಂಡೆ. ನಾಳೆ ಮನೆಗೆ ಬರುತ್ತದೆ. ನಾಡಿದ್ದು, ಲ್ಯಾಬ್ ಸೀಲ್ ಮಾಡುವ ಮೊದಲು, ತಟ್ಟೆ ತರುವುದು. ಕಳ್ಳತನ ಅಂದರೆ ಅನ್ನಲಿ. ಪುಟ್ಟಿಯ ಪಕ್ಕದ ಕೋಣೆಯಲ್ಲೇ ಇಟ್ಟುಕೊಂಡು ಸಾಯುವತನಕ ಊಟ ಹಾಕುತ್ತೇನೆ.

ಮಾರ್ಚ್ 30, ಮಧ್ಯಾಹ್ನ

ಇನ್‌ಕ್ಯುಬೇಟರ್ ಬಂತು. ರಜೆ ಹಾಕಿ ಮನೆಯಲ್ಲೇ ಇದ್ದೇನೆ. ಬೆಚ್ಚಗಾಗುತ್ತಿದೆ. ಪುಟ್ಟಿ ಅದರ ಗಾಜಿಗೆ ಮೂಗು ಒತ್ತಿ, "ಏನ್ ಸಾಕ್ತೀಯ ಇದ್ರಲ್ಲಿ, ಕೋಳಿಮರಿನಾ?" ಅಂದಳು. "ನಿಮ್ಮಮ್ಮನ್ನ," ಅನ್ನಲು ಬಾಯಿಗೆ ಬಂದಿತ್ತು.

ಮಾರ್ಚ್ 30, ನಾಲ್ಕೂವರೆ

ಪುಟ್ಟಿ ಕಿಟಕಿ ಮುಚ್ಚು ಅಂದಳು. ಹೊರಗೆ ಸುಡುಬಿಸಿಲು.

ಅದೇ ಹೊತ್ತಿಗೆ ಮೇಷ್ಟ್ರ ಫೋನು. ದನಿಯಲ್ಲಿ ಸಂತೋಷ. "ಅಧಿಕಾರಿಗಳು ಒಂದು ದಿನ ಮುಂಚೆನೇ ಬಂದ್ಬಿಟ್ರು ಕಣಮ್ಮ. ಉಳಿದ ತಟ್ಟೆಗಳಿಗೆಲ್ಲ ಬ್ಲೀಚ್ ಹಾಕಿಸಿದ್ರು. ನಿಮ್ಮಕ್ಕನ್ನ ಮಾತ್ರ ಬಿಟ್ಟುಕೊಡಲಿಲ್ಲ. ನನ್ನ ಕೈಯಾರೆ ಸೀಸೆಗೆ ತುಂಬಿ ಫ್ರೀಜರ್‌ಗೆ ಇಟ್ಟೆ. ನಿಧಾನಕ್ಕೆ ತಣ್ಣಗಾಗೋ ಡಬ್ಬೀಲೇ ಇಟ್ಟಿದೀನಿ, ಏನೂ ತೊಂದರೆ ಆಗಲ್ಲ."

ತೆಗೀರಿ ಸರ್, ಈಗಲೇ ತೆಗೀರಿ ಅಂದೆ. ಕಿರುಚಿದೆ.

"ಸೀಲ್ ಹಾಕಿ ಕೀ ತಗೊಂಡು ಹೋದ್ರಲ್ಲಮ್ಮ. ಮುಂದಿನ ವರ್ಷ ದುಡ್ಡು ಬಂದ್ರೆ..."

ಐದು ಗಂಟೆ

ಮೂರು ಕಂಬಳಿ. ಬಿಸಿನೀರಿನ ಚೀಲ. ತುಟಿ ನೀಲಿ. "ನೋವಿಲ್ಲ ಚಿಕ್ಕಮ್ಮ. ನಿದ್ದೆ ಬರ್ತಿದೆ ಅಷ್ಟೇ." ಆಂಬುಲೆನ್ಸ್ ಹೊರಟಿದೆಯಂತೆ. ಅವಳ ಎದೆಗೆ ಕಿವಿಯಿಟ್ಟೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ತುಂಬ ನಿಧಾನ. ಆದರೂ ಐದು ಬರುತ್ತಿದೆ. ಬರುತ್ತದೆ.

ಒಂದು

ಎರಡು

ಮೂರು

ನಾಲ್ಕು